ದೊಡ್ಡಪತ್ರೆ, ಅರಿಸಿನ ಮತ್ತು ನನ್ನ ಬ್ರಾಯ್ಲರ್ ಮರಿಗಳು
ಕುಮಟೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಶೆಡ್ಡಿನಲ್ಲಿ ಹಾಸಿದ ಭತ್ತದ ಹೊಟ್ಟು ಮುಷ್ಟಿಯಲ್ಲಿ ಉಂಡೆ ಕಟ್ಟುತ್ತದೆ, ಬಗ್ಗಿದರೆ ಅಮೋನಿಯಾದಿಂದ ಕಣ್ಣು ಉರಿಯುತ್ತದೆ. ಕಳೆದ ಮಳೆಗಾಲದಲ್ಲಿ ನನ್ನ ಮುನ್ನೂರು ಬ್ರಾಯ್ಲರ್ ಮರಿಗಳು ಮೂರನೆಯ ವಾರದಲ್ಲಿ ನೀರು ನೀರಾಗಿ ಹಿಕ್ಕೆ ಹಾಕತೊಡಗಿದಾಗ, ಪಶುವೈದ್ಯರನ್ನೂ ಕೇಳದೆ ನಾನು ಕುಡಿಯುವ ನೀರಿಗೆ ಆಂಟಿಬಯಾಟಿಕ್ ಪುಡಿ ಬೆರೆಸಿದೆ. ಅದು ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇನೆ. ಬೆಳವಣಿಗೆಗಾಗಿ ಆಹಾರದಲ್ಲಿ ಆಂಟಿಬಯಾಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟವು 2006ರಲ್ಲೇ ಪೂರ್ತಿಯಾಗಿ ನಿಲ್ಲಿಸಿತು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕನ್ನು ಕೋಳಿ, ಜಾನುವಾರುಗಳಿಗೆ ಬಳಸದಂತೆ ನಮ್ಮ ಸರ್ಕಾರ 2019ರಲ್ಲಿ ನಿಷೇಧಿಸಿತು.

ಆ ಬಳಿಕ ನನ್ನ ಗಮನ ಹೋದದ್ದು ಹಿತ್ತಲಿನ ದೊಡ್ಡಪತ್ರೆಯ ಮೇಲೆ. ನಾವು ತಂಬುಳಿ ಮಾಡುವ ಈ ಎಲೆಯನ್ನು ಹೊಸಕಿದರೆ ಕೈಗಂಟುವ ಘಾಟು ವಾಸನೆಯಲ್ಲಿ ಕಾರ್ವಕ್ರಾಲ್, ಥೈಮಾಲ್ ಎಂಬ ಅಂಶಗಳಿವೆ. ಓಮದ ಕಾಳಿನ ಘಾಟಿಗೂ ಥೈಮಾಲೇ ಕಾರಣ. ಇವು ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಕೊಬ್ಬಿನೊಳಗೆ ಸೇರಿಕೊಂಡು ಅದನ್ನು ಸಡಿಲಗೊಳಿಸುವುದರಿಂದ ಜೀವಕೋಶದ ಒಳಗಿನ ವಸ್ತು ಸೋರಿಹೋಗುತ್ತದೆ. ಕರುಳಿನಲ್ಲಿ ಕೆಡುಕಿನ ಬ್ಯಾಕ್ಟೀರಿಯಾ ತಗ್ಗಿದಷ್ಟೂ ತಿಂದ ಆಹಾರ ಮೈಗೆ ಹತ್ತುತ್ತದೆ. ಬ್ರಾಯ್ಲರ್ ಕೋಳಿ ಆರು ವಾರದೊಳಗೆ ಸುಮಾರು ಎರಡು ಕಿಲೋ ತೂಗಬೇಕಾದ್ದರಿಂದ ಕರುಳಿನ ಆರೋಗ್ಯವೇ ಅದರ ಬೆಳವಣಿಗೆಯ ಬುಡ.

ಈ ಎಣ್ಣೆಯಂಶ ಕಾಯಿಸಿದರೆ ಹಾರಿಹೋಗುವುದರಿಂದ ಸೊಪ್ಪನ್ನು ಕುದಿಸದೆ ಹಸಿಯಾಗಿ ಅರೆದು, ಅಂದಿನ ಆಹಾರಕ್ಕೆ ಅಂದೇ ಕಲಸುತ್ತೇನೆ. ಬೆಳ್ಳುಳ್ಳಿಯನ್ನೂ ಹಾಗೆಯೇ ಜಜ್ಜಿ ಸ್ವಲ್ಪ ಹೊತ್ತು ಬಿಡಬೇಕು, ಏಕೆಂದರೆ ಬ್ಯಾಕ್ಟೀರಿಯಾ ತಡೆಯುವ ಆಲಿಸಿನ್ ಎಂಬ ಅಂಶ ಅದರಲ್ಲಿ ಹುಟ್ಟುವುದೇ ಎಸಳು ಜಜ್ಜಿದ ಮೇಲೆ. ಕಿಲೋ ಆಹಾರಕ್ಕೆ ಐದು ಗ್ರಾಂ ಅರಿಸಿನ ಪುಡಿಯನ್ನೂ ಸೇರಿಸುತ್ತೇನೆ. ಬೆಳ್ಳುಳ್ಳಿ ಹೆಚ್ಚಾದ ದಿನ ಮರಿಗಳು ತಟ್ಟೆಯ ಬಳಿ ಬಂದು ಎರಡು ಸಲ ಕುಕ್ಕಿ ಹಿಂದೆ ಸರಿದದ್ದನ್ನು ನೋಡಿದ ಮೇಲೆ ಅಳತೆ ತಗ್ಗಿಸಿದೆ.

ಮುಂದಿನ ತಂಡದಲ್ಲಿ ಹಿಕ್ಕೆ ಗಟ್ಟಿಯಾಯಿತು, ಹಾಸು ಒಣಗಿ ಉಳಿಯಿತು. ತೂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಸಲ ಹೊಟ್ಟನ್ನು ದಿನವೂ ಕೆದಕಿ ಸುಣ್ಣ ಬೆರೆಸಿದ್ದರಿಂದ ಎಲ್ಲ ಶ್ರೇಯವನ್ನೂ ಸೊಪ್ಪಿಗೇ ಕೊಡುವುದು ಸರಿಯಲ್ಲ. ಹಿಕ್ಕೆಯಲ್ಲಿ ರಕ್ತ ಕಂಡರೆ ದೊಡ್ಡಪತ್ರೆ ಅರೆಯುತ್ತ ಕೂರದೆ ಪಶುವೈದ್ಯರ ಬಳಿಗೆ ಓಡಬೇಕು. ವೈರಸ್‌ನಿಂದ ಕೋಳಿಗಳಿಗೆ ಬರುವ ರಾಣಿಖೇತ್ ರೋಗ ತಡೆಯಲು ಲಸಿಕೆಯೇ ಬೇಕು.

ಈ ಸಲ ಶೆಡ್ಡಿನ ನಡುವೆ ಬಲೆ ಕಟ್ಟಿ, ಒಂದೇ ಬಗೆಯ ಹಾಸಿನ ಮೇಲೆ ಅರ್ಧ ಮರಿಗಳಿಗೆ ಮಾತ್ರ ಸೊಪ್ಪು ಕೊಡುತ್ತಿದ್ದೇನೆ. ಪ್ರತಿ ಭಾನುವಾರ ಎರಡೂ ಕಡೆಯಿಂದ ಹತ್ತತ್ತು ಮರಿಗಳನ್ನು ತೂಗಿ ಬರೆದಿಡುತ್ತಿದ್ದೇನೆ.