ಡೆಕ್ಕಿಗೆ ಹೊಡೆದ ಎಂಟು ತೂತು

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹನ್ನೊಂದು ವರ್ಷದಿಂದ ಫೈಬರ್ ಕೆಲಸ ಮಾಡುತ್ತಿದ್ದೇನೆ. ನೀರಿನ ಟ್ಯಾಂಕು, ಪಾರ್ಕಿನ ಜಾರುಬಂಡೆ, ಕೆರೆಯಲ್ಲಿ ತುಳಿಯುವ ಪೆಡಲ್ ಬೋಟು, ಇವೇ ನಮ್ಮ ಮಾಲು. ಮೂರು ವರ್ಷದ ಹಿಂದೆ ಮೊದಲ ಸಲ ಒಂದು ಕಟಮರಾನ್ ಆರ್ಡರ್ ಬಂತು. ನೀರಲ್ಲಿ ತೇಲುವ ಎರಡು ಒಡಲು, ಅವೆರಡರ ಮೇಲೆ ಜನ ಕೂರುವ ಅಗಲವಾದ ಹಲಗೆ, ಅಂದರೆ ಡೆಕ್, ಹಿನ್ನೀರಿನಲ್ಲಿ ಹನ್ನೆರಡು ಜನರನ್ನು ಸುತ್ತಾಡಿಸುವ ದೋಣಿ.

ಖುಷಿಗೆ ನಿದ್ದೆ ಬರಲಿಲ್ಲ. ರಾತ್ರಿಯೆಲ್ಲ ದೊಡ್ಡ ಕಂಪನಿಗಳ ವಿವರ ಓದಿದೆ. ಜಾಸ್ತಿ ಓದಿದ್ದು ಲಗೂನ್ ಬಗ್ಗೆ. 1984ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಕಂಪನಿ, ಈಗ ಬೆನೆಟೊ ಗುಂಪಿನಲ್ಲಿದೆ. ಸಮುದ್ರದಲ್ಲಿ ತಿಂಗಳುಗಟ್ಟಲೆ ಮನೆ ಮಾಡಿಕೊಂಡು ಇರಬಹುದಾದ ಹಾಯಿ ಕಟಮರಾನ್‌ಗಳು ಅವರದ್ದು. ಅವರ ಲಗೂನ್ 380 ಅನ್ನೋ ದೋಣಿ 11.55 ಮೀಟರ್ ಉದ್ದ, 6.53 ಮೀಟರ್ ಅಗಲ. ಅಗಲ ನೋಡಿ, ಉದ್ದದ ಅರ್ಧಕ್ಕಿಂತ ಜಾಸ್ತಿ! ಒಂದೇ ಒಡಲಿನ ಹಾಯಿದೋಣಿ ಮಗುಚದಿರಲಿ ಅಂತ ಅದರ ತಳಕ್ಕೆ ಸೀಸವನ್ನೋ ಕಬ್ಬಿಣವನ್ನೋ ಕಟ್ಟುತ್ತಾರೆ. ಕಟಮರಾನ್‌ಗೆ ಅದು ಬೇಡ, ಕಾಲು ಅಗಲಿಸಿ ನಿಂತವರ ಹಾಗೆ ಅಗಲದಿಂದಲೇ ನಿಲ್ಲುತ್ತದೆ. ಆದರೆ ತೂಕ ಹೆಚ್ಚಾದರೆ ಸಹಿಸುವುದಿಲ್ಲ. ಕಿರಿದಾದ ಒಡಲುಗಳು ಬೇಗ ನೀರಿನಲ್ಲಿ ಕೆಳಗಿಳಿಯುತ್ತವೆ, ಅಲೆ ಬಂದು ನಡುವಿನ ಡೆಕ್ಕಿನ ಅಡಿಗೆ ಬಡಿಯುತ್ತದೆ.

ಅದಕ್ಕೇ ಆ ದೋಣಿಯಲ್ಲಿ ಬಾಲ್ಸಾ ಮರ. ಘನ ಮೀಟರಿಗೆ ಸುಮಾರು 150 ಕೆಜಿ ಅಷ್ಟೇ ತೂಗುವ ಮರ. ಮೇಲೊಂದು ಕೆಳಗೊಂದು ತೆಳು ಫೈಬರ್ ಪದರ, ನಡುವೆ ಬಾಲ್ಸಾ. ತೂಕ ಕಡಿಮೆ, ಆದರೆ ಹಲಗೆ ಬಾಗುವುದೇ ಇಲ್ಲ. ನಾವೂ ನಮ್ಮ ಡೆಕ್ಕಿಗೆ ಇದನ್ನೇ ಹಾಕಿದೆವು. ಚೆನ್ನಾಗಿಯೇ ಬಂತು. ಆರು ಜನ ಒಟ್ಟಿಗೆ ಕುಣಿದು ನೋಡಿದೆವು, ಅಲುಗಲಿಲ್ಲ.

ತಪ್ಪಾಗಿದ್ದು ಡೆಲಿವರಿಯ ಹಿಂದಿನ ದಿನ. ಗ್ರಾಹಕರು ಬಂದು ಸೀಟುಗಳನ್ನು ಅರ್ಧ ಅಡಿ ಹಿಂದಕ್ಕೆ ಹಾಕಿ ಅಂದರು. ನಾನೇ ಡ್ರಿಲ್ ತೆಗೆದುಕೊಂಡು ಎಂಟು ಎಂಎಂನ ಎಂಟು ತೂತು ಹೊಡೆದೆ. ನೀರು ಇಳಿಯದಿರಲಿ ಅಂತ ಸಿಲಿಕಾನ್ ಅಂಟು ತುಂಬಿ ಬೋಲ್ಟ್ ಬಿಗಿದೆ. ಅರ್ಧ ಗಂಟೆಯ ಕೆಲಸ. ಯಾರನ್ನೂ ಕೇಳಲಿಲ್ಲ.

ಎರಡನೇ ಮಳೆಗಾಲ ಮುಗಿಯುವಾಗ ಫೋನ್ ಬಂತು. ಸೀಟಿನ ಹತ್ತಿರ ಕಾಲಿಟ್ಟರೆ ಡೆಕ್ ತಗ್ಗುತ್ತಿದೆ ಅಂತ. ಫೈಬರ್ ಪದರ ಹಾಕುವ ನಮ್ಮ ಹಿರಿಯ ಲ್ಯಾಮಿನೇಟರನ್ನು ಕರೆದುಕೊಂಡು ಹೋದೆ, ಅಣ್ಣ ಅಂತಲೇ ಕರೆಯುವುದು. ಅವರು ಮಂಡ್ಯ ಕಡೆಯವರು. ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು, ಹಲಸಿನಕಾಯಿ ತಟ್ಟುವ ಹಾಗೆ ಡೆಕ್ಕನ್ನು ತಟ್ಟುತ್ತಾ ಹೋದರು. ಟಕ್, ಟಕ್, ಟಕ್. ಸೀಟಿನ ಹತ್ತಿರ ಬಂದಾಗ ಸದ್ದು ಬದಲಾಯಿತು. ಡಬ್, ಡಬ್.

"ಒಳಗೆ ಹಣ್ಣಾಗೋಗದೆ ಸಾ" ಅಂದರು.

ಬೋಲ್ಟ್ ಬಿಚ್ಚಿದೆವು. ತೂತಿನಿಂದ ಕಂದು ನೀರು ಇಳಿಯಿತು. ಮೇಲಿನ ಪದರ ಕತ್ತರಿಸಿ ತೆಗೆದಾಗ ಬಾಲ್ಸಾ ಇರಲಿಲ್ಲ, ಹಸುವಿಗೆ ನೆನೆಸಿಟ್ಟ ಹಿಂಡಿಯ ಹಾಗೆ ಏನೋ ಇತ್ತು. ಬೆರಳಲ್ಲೇ ಬಾಚಬಹುದಿತ್ತು. ಕಾರಣ ಕಣ್ಣೆದುರೇ ಇತ್ತು. ಬೋಲ್ಟ್ ಬಿಗಿದಾಗ ಮೆತ್ತಗಿನ ಬಾಲ್ಸಾ ಅದುಮಿದೆ. ಜನ ಕೂತೆದ್ದಾಗಲೆಲ್ಲ ಸೀಟು ಅಲುಗಿ ಸಿಲಿಕಾನ್ ಬಿಟ್ಟುಕೊಂಡಿದೆ. ಹನಿಹನಿಯಾಗಿ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯೇ ಇಲ್ಲ.

ಆ ರಾತ್ರಿ ಲಗೂನ್ ವಿವರಗಳನ್ನು ಮತ್ತೆ ತೆಗೆದು ಓದಿದೆ. ನಾನು ಮೊದಲ ಸಲ ಓದಿದ್ದು ಬಾಲ್ಸಾ ಎಲ್ಲಿದೆ ಅನ್ನೋದನ್ನು ಮಾತ್ರ. ಅದು ಎಲ್ಲಿಲ್ಲ ಅನ್ನೋದನ್ನು ನೋಡಿರಲಿಲ್ಲ. ಒಡಲಿನಲ್ಲಿ ನೀರಿನ ಮಟ್ಟದ ಮೇಲಷ್ಟೇ ಬಾಲ್ಸಾ ಇತ್ತು, ಕೆಳಗೆ ಪೂರ್ತಿ ಗಟ್ಟಿ ಫೈಬರ್. ಅಷ್ಟು ದೊಡ್ಡ ಕಂಪನಿ ಕೂಡ ನೀರಿಗೆ ಹೆದರಿ ಜಾಗ ಆರಿಸಿತ್ತು. ನಾನು ಅರ್ಧ ಗಂಟೆಯಲ್ಲಿ ಎಂಟು ಕಡೆ ನೀರಿಗೆ ಬಾಗಿಲು ತೆಗೆದಿದ್ದೆ.

ರಿಪೇರಿಗೆ ಒಂಬತ್ತು ದಿನ ಹಿಡಿಯಿತು. ದುಡ್ಡು ತೆಗೆದುಕೊಳ್ಳಲಿಲ್ಲ. ತೂತಿನ ಕೆಲಸ ಮಾತ್ರ ವಿವರವಾಗಿ ಹೇಳುತ್ತೇನೆ, ಫೈಬರ್ ಕೆಲಸದವರಿಗೆ ಉಪಯೋಗವಾದೀತು. ಎಂಟು ಎಂಎಂ ಬೋಲ್ಟಿಗೆ ಮೊದಲು ಹದಿನಾರು ಎಂಎಂ ತೂತು ಹೊಡೆಯಬೇಕು. ಬಗ್ಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ, ಎರಡು ಪದರದ ನಡುವಿನ ಬಾಲ್ಸಾವನ್ನು ಸುತ್ತಲೂ ಇನ್ನಷ್ಟು ಕೆರೆದು ತೆಗೆಯಬೇಕು. ಅಡಿಗೆ ಟೇಪ್ ಅಂಟಿಸಿ, ಮೊದಲು ಬರೀ ಎಪಾಕ್ಸಿ (ಒಣಗಿ ಕಲ್ಲಿನಂತಾಗುವ ಅಂಟು) ಸವರಿ, ಆಮೇಲೆ ಸಿಲಿಕಾ ಪುಡಿ ಕಲಸಿದ ಎಪಾಕ್ಸಿ ತುಂಬಬೇಕು. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಮುದ್ದೆಗಿಂತ ತೆಳು. ರಾತ್ರಿಯೆಲ್ಲ ಬಿಟ್ಟು, ಮಾರನೇ ದಿನ ಆ ಎಪಾಕ್ಸಿಯ ನಡುವೆ ಎಂಟು ಎಂಎಂ ತೂತು. ಆಗ ಬೋಲ್ಟ್ ಬಾಲ್ಸಾವನ್ನು ಮುಟ್ಟುವುದೇ ಇಲ್ಲ. ಸಿಲಿಕಾನ್ ಬಿಟ್ಟುಕೊಂಡರೂ ನೀರಿಗೆ ಸಿಗುವುದು ಎಪಾಕ್ಸಿ ಮಾತ್ರ. ಕೆಳಗಡೆ ಅಗಲವಾದ ಪ್ಲೇಟ್ ಹಾಕುವುದನ್ನು ಮರೆಯಬಾರದು.

ಈಗ ನಮ್ಮಲ್ಲಿ ಡ್ರಾಯಿಂಗ್ ಬಂದ ತಕ್ಷಣ ಅಣ್ಣ ಮತ್ತು ನಾನು ಕೂತು ಸೀಟು, ಕಂಬಿ, ಹಗ್ಗ ಕಟ್ಟುವ ಗೂಟ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕುತ್ತೇವೆ. ಆ ಸುತ್ತಿನೊಳಗೆ ಬಾಲ್ಸಾ ಇಲ್ಲ, ಗಟ್ಟಿ ಫೈಬರ್ ಮಾತ್ರ.

ಹೋದ ತಿಂಗಳು ಇನ್ನೊಂದು ದೋಣಿ ಹೊರಡುವುದಿತ್ತು. ಗ್ರಾಹಕರು ಬಂದು ಮುಂದೆ ಒಂದು ಲೈಟ್ ಕಂಬ ಹಾಕಿಕೊಡಿ, ಲಾರಿ ಬಂದು ನಿಂತಿದೆ ಅಂದರು. ಎರಡು ದಿನ ಬೇಕು ಸಾರ್ ಅಂದೆ. ಅವರ ಮುಖ ಸಣ್ಣದಾಯಿತು. ಆ ಹಳೇ ಡೆಕ್ಕಿನ ಒಂದು ತುಂಡನ್ನು ಶೆಡ್ಡಿನಲ್ಲಿ ಇಟ್ಟುಕೊಂಡಿದ್ದೇನೆ. ತಂದು ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು, ಉಗುರಿನಿಂದ ಕೆರೆದರು. ಆಮೇಲೆ ಲಾರಿಯವನಿಗೆ ಫೋನ್ ಮಾಡಿ, ನಾಡಿದ್ದು ಬಾಪ್ಪಾ ಅಂದರು.