ಕೆಂಪು ಗೂಡ್ಸ್ ಡಬ್ಬಿಯ ಸಂಸಾರ

ಮಗಳಿಗೆ ಐದು ವರ್ಷ, ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ರಾತ್ರಿ ಊಟದ ನಂತರ ಅವರಿಬ್ಬರಿಗೂ ‘ದಿ ಬಾಕ್ಸ್‌ಕಾರ್ ಚಿಲ್ಡ್ರನ್’ ಸರಣಿಯ ಮೊದಲ ಪುಸ್ತಕವನ್ನು ದಿನಕ್ಕೊಂದು ಅಧ್ಯಾಯದಂತೆ ಓದಿ ಹೇಳಲು ಆರಂಭಿಸಿದೆ. ಇಂಗ್ಲಿಷಿನಲ್ಲಿ ಒಂದು ಪುಟ ಓದಿ, ಅದನ್ನೇ ಕನ್ನಡದಲ್ಲಿ ಹೇಳುವುದು ನಮ್ಮ ಮನೆಯ ರೂಢಿ. ಮೊದಲ ರಾತ್ರಿಯೇ ತೊಡಕು ಎದುರಾಯಿತು. ಕಥೆಯ ನಾಲ್ವರು ಒಡಹುಟ್ಟಿದವರಲ್ಲಿ ಕಿರಿಯವನಾದ ಐದು ವರ್ಷದ ಬೆನ್ನಿ ತನಗಿಂತ ಒಂಬತ್ತು ವರ್ಷ ದೊಡ್ಡವನಾದ ಹೆನ್ರಿಯನ್ನು ಬರಿಯ ಹೆಸರಿನಿಂದ ಕರೆಯುತ್ತಾನೆ. ನಾನೂ ಹಾಗೆಯೇ ಹೇಳಿದಾಗ ಮಗಳು ನಡುವೆ ತಡೆದು, “ಅಣ್ಣ ಅನ್ನಲ್ವಾ ಅವನು?” ಎಂದು ಕೇಳಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವರು ಹೆನ್ರಿಯಣ್ಣ, ಜೆಸ್ಸಿ ಅಕ್ಕ, ವಯೊಲೆಟ್ ಅಕ್ಕ ಮತ್ತು ಪುಟ್ಟ ಬೆನ್ನಿ. ಹೀಗೆ ಕರೆಯತೊಡಗಿದ ಮೇಲೆ, ಹದಿನಾಲ್ಕು ವರ್ಷದವನು ದುಡಿಯಲು ಹೋಗುವುದು, ಹನ್ನೆರಡರವಳು ಮನೆ ನಡೆಸುವುದು, ಹತ್ತರವಳು ಅವಳ ಕೈಗೆ ಒದಗುವುದು ಎಲ್ಲವೂ ನನ್ನ ಮಕ್ಕಳಿಗೆ ತೀರ ಸಹಜವಾಗಿ ಕಂಡವು.

ಬಾಕ್ಸ್‌ಕಾರ್ ಎಂದರೆ ನಾವು ಗೂಡ್ಸ್ ರೈಲಿನಲ್ಲಿ ನೋಡುವ, ಸುತ್ತಲೂ ಮುಚ್ಚಿದ ಡಬ್ಬಿ. ಈ ಕಥೆಯನ್ನು ಬರೆದ ಗರ್ಟ್ರೂಡ್ ಚಾಂಡ್ಲರ್ ವಾರ್ನರ್ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಪುಟ್ನಮ್ ಎಂಬ ಊರಿನಲ್ಲಿ 1890ರಲ್ಲಿ ಹುಟ್ಟಿದವರು. ಅವರ ಬಾಲ್ಯದ ಮನೆ ರೈಲು ನಿಲ್ದಾಣದ ಎದುರಿಗೇ ಇತ್ತು. ಬಂದು ನಿಂತ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯೊಳಗೆ ಒಂದು ಸಣ್ಣ ಒಲೆಯನ್ನೂ ಅದರ ಮೇಲೆ ಕಾಫಿ ಕುದಿಯುವುದನ್ನೂ ಕಂಡ ಆ ಹುಡುಗಿಗೆ, ಇಂಥದ್ದರಲ್ಲಿ ಸಂಸಾರ ಹೂಡಿದರೆ ಹೇಗಿರಬಹುದು ಎಂಬ ಆಸೆ ಹುಟ್ಟಿತಂತೆ. ಹೈಸ್ಕೂಲಿಗೆ ಹೋಗಿ ಓದು ಮುಗಿಸಲು ಅನಾರೋಗ್ಯ ಬಿಡಲಿಲ್ಲ. ಆದರೂ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶಿಕ್ಷಕರ ಕೊರತೆಯಾದಾಗ, 1918ರಲ್ಲಿ, ಅದೇ ಊರಿನಲ್ಲಿ ಒಂದನೆಯ ತರಗತಿಗೆ ಪಾಠ ಹೇಳಲು ಸೇರಿ, 1950ರವರೆಗೂ ಅಲ್ಲಿಯೇ ಇದ್ದರು. ಪುಸ್ತಕ ಮೊದಲು ಬಂದದ್ದು 1924ರಲ್ಲಿ. ಆಗತಾನೇ ಓದಲು ಕಲಿತ ಮಕ್ಕಳಿಗೂ ಎಟುಕಬೇಕೆಂದು ಅದನ್ನು ಮತ್ತೆ ಸರಳ ಪದಗಳಲ್ಲಿ ಬರೆದರು. 1942ರಲ್ಲಿ ಅಚ್ಚಾದ ಆ ರೂಪವೇ ಈಗ ಎಲ್ಲೆಡೆ ಸಿಗುವುದು.

ಅಚ್ಚರಿಯೆಂದರೆ, ಪತ್ತೇದಾರಿ ಸರಣಿ ಎಂದೇ ಹೆಸರಾದ ಇದರ ಮೊದಲ ಪುಸ್ತಕದಲ್ಲಿ ಕಳ್ಳರಿಲ್ಲ, ನಿಧಿಯಿಲ್ಲ. ಬಿಡಿಸಬೇಕಾದ ಒಗಟುಗಳೆಲ್ಲ ಸಂಸಾರದವು. ತಂದೆತಾಯಿಯನ್ನು ಕಳೆದುಕೊಂಡ ನಾಲ್ವರೂ ಒಂದು ಬೇಕರಿಯಲ್ಲಿ ರಾತ್ರಿ ಕಳೆಯುತ್ತಾರೆ. ದೊಡ್ಡ ಮಕ್ಕಳು ಮೂವರನ್ನು ಬೇಕರಿಯವರೇ ಕೆಲಸಕ್ಕೆ ಇಟ್ಟುಕೊಂಡು ಬೆನ್ನಿಯನ್ನು ಮಾತ್ರ ಅನಾಥಾಲಯಕ್ಕೆ ಕಳುಹಿಸುವ ಮಾತು ಕಿವಿಗೆ ಬಿದ್ದಾಗ, ಅವನನ್ನು ಕರೆದುಕೊಂಡು ಕತ್ತಲಲ್ಲೇ ಹೊರಡುತ್ತಾರೆ. ಕಾಡಿನಲ್ಲಿ, ತುಕ್ಕು ಹಿಡಿದ ಹಳಿಯ ಮೇಲೆ ನಿಂತ ಹಳೆಯ ಕೆಂಪು ಡಬ್ಬಿ ಅವರ ಮನೆಯಾಗುತ್ತದೆ. ತಟ್ಟೆ ಬಟ್ಟಲುಗಳಿಗೆ ಏನು ಮಾಡುವುದು? ಊರಿನವರು ಕಸ ಸುರಿಯುವ ಜಾಗದಲ್ಲಿ ಹುಡುಕಿ, ತಂದು, ಉಜ್ಜಿ ತೊಳೆಯುತ್ತಾರೆ. ಬೆನ್ನಿ ಅಲ್ಲಿಂದ ಬಿರುಕು ಬಿಟ್ಟ ಗುಲಾಬಿ ಬಣ್ಣದ ಲೋಟವೊಂದನ್ನು ಆರಿಸಿಕೊಳ್ಳುತ್ತಾನೆ, ಮತ್ತೆ ಅದನ್ನು ಬಿಡುವುದೇ ಇಲ್ಲ. ಹಾಲು ಕೆಡದಂತೆ ಇಡುವುದೆಲ್ಲಿ? ತೊರೆಯ ಸಣ್ಣ ಜಲಪಾತದ ಹಿಂದಿನ ಬಂಡೆಯ ಪೊಟರೆಯಲ್ಲಿ.

ಈ ಕೊನೆಯ ಉಪಾಯವನ್ನು ನನ್ನ ಮಕ್ಕಳು ಪರೀಕ್ಷಿಸದೆ ಬಿಡಲಿಲ್ಲ. ನಮ್ಮ ಮನೆಯಲ್ಲಿ ಜಲಪಾತವಿಲ್ಲದ ಕಾರಣ, ಬೇಸಿಗೆಯಲ್ಲಿ ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತುವಂತೆ ಹಾಲಿನ ಪಾತ್ರೆಗೂ ಸುತ್ತಿ, ಬಚ್ಚಲಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಬೆಳಿಗ್ಗೆ ಕಾಫಿಗೆ ಕಾಯಿಸಲು ಇಟ್ಟಾಗ ಹಾಲು ಒಡೆಯಿತು. ಬಟ್ಟೆ ಒಣಗಿದಂತೆಲ್ಲ ನೀರು ಚಿಮುಕಿಸಲು ಯಾರೂ ಎದ್ದಿರಲಿಲ್ಲ, ತೊರೆಯಾದರೋ ರಾತ್ರಿಯಿಡೀ ಹರಿಯುತ್ತದೆ ಎಂದು ಮಗ ಕಾರಣ ಕೊಟ್ಟ.

ನನ್ನ ಮಕ್ಕಳಿಗೆ ಒಪ್ಪಿಸಲು ಕಷ್ಟವಾದದ್ದು ಅಜ್ಜನ ವಿಷಯ. ಕಥೆಯ ಮಕ್ಕಳು ಯಾರ ಕಣ್ಣಿಗೂ ಬೀಳದೆ ಅಡಗಿರುವುದೇ, ತಾವು ಎಂದೂ ಕಾಣದ ಅಜ್ಜ ಕ್ರೂರಿಯೆಂಬ ಭಯದಿಂದ. ಬೇಸಿಗೆ ರಜೆಯೆಂದರೆ ಅಜ್ಜನ ಮನೆ ಎಂದು ತಿಳಿದಿರುವ ಮಕ್ಕಳಿಗೆ ಇದು ಹೇಗೆ ತಾನೆ ಅರ್ಥವಾದೀತು? ಆದರೆ ಇಡೀ ಪುಸ್ತಕದಲ್ಲಿರುವ ಒಂದೇ ಒಂದು ನಿಜವಾದ ರಹಸ್ಯವೂ ಅದೇ, ಮತ್ತು ಅದನ್ನು ಹೆಣೆದಿರುವ ರೀತಿ ಬಹಳ ಜಾಣತನದ್ದು. ಓಟದ ಸ್ಪರ್ಧೆಯಲ್ಲಿ ಗೆದ್ದ ಹೆನ್ರಿ ತನ್ನ ಮನೆತನದ ಹೆಸರಾದ ಆಲ್ಡನ್ ಎಂಬುದನ್ನು ಮುಚ್ಚಿಟ್ಟು ಹೆನ್ರಿ ಜೇಮ್ಸ್ ಎಂದು ಹೇಳಿಕೊಂಡು ಇಪ್ಪತ್ತೈದು ಡಾಲರ್ ಬಹುಮಾನ ಪಡೆಯುತ್ತಾನೆ. ಆ ಸ್ಪರ್ಧೆಯನ್ನು ನಡೆಸುವವರು ಕಾಣೆಯಾದ ಮೊಮ್ಮಕ್ಕಳನ್ನು ಹುಡುಕಿಕೊಟ್ಟವರಿಗೆ ಐದು ಸಾವಿರ ಡಾಲರ್ ಕೊಡುವುದಾಗಿ ಸಾರಿರುವ ಅದೇ ಅಜ್ಜ. ಓದುವ ಮಗುವಿಗೆ ಇದು ಹೆನ್ರಿಗಿಂತ ಮೊದಲೇ ಗೊತ್ತಾಗುತ್ತದೆ. ನನ್ನ ಮಗ ಹಾಸಿಗೆಯಿಂದ ಎದ್ದು ಕುಳಿತದ್ದು ಅಲ್ಲಿಯೇ.

ಹಿರಿಯರ ಅಂಕೆಯಿಲ್ಲದೆ ಮಕ್ಕಳು ಇಷ್ಟು ಸುಖವಾಗಿರುವುದು ಸರಿಯಲ್ಲ ಎಂದು ಆ ಕಾಲದ ಕೆಲವು ಗ್ರಂಥಪಾಲಕರು ಆಕ್ಷೇಪಿಸಿದ್ದರು. ಮಕ್ಕಳಿಗೆ ಹಿಡಿಸುವುದೇ ಆ ಕಾರಣಕ್ಕೆ ಎಂಬುದು ವಾರ್ನರ್ ಅವರ ಉತ್ತರವಾಗಿತ್ತು. ನನಗೆ ಆ ಆಕ್ಷೇಪವೇ ವಿಚಿತ್ರವೆನಿಸುತ್ತದೆ, ಏಕೆಂದರೆ ಈ ಮಕ್ಕಳು ದಿನವಿಡೀ ಗುಡಿಸುವುದು, ಒಗೆಯುವುದು, ಸೌದೆ ತರುವುದು ಬಿಟ್ಟು ಮಾಡುವುದು ಕಡಿಮೆ.

ಎರಡನೆಯ ಪುಸ್ತಕ ಬಂದದ್ದು 1949ರಲ್ಲಿ. ಒಟ್ಟು ಹತ್ತೊಂಬತ್ತನ್ನು ವಾರ್ನರ್ ಬರೆದರು. 1979ರಲ್ಲಿ ಅವರು ತೀರಿಕೊಂಡ ಮೇಲೆ ಬೇರೆಯವರು ಬರೆದು, ಸಂಖ್ಯೆ ನೂರೈವತ್ತನ್ನು ದಾಟಿದೆ. ಅವುಗಳಲ್ಲಿ ಕೆಲವನ್ನು ನಾವು ಓದಿದೆವು. ಸುಳಿವುಗಳು, ಅನುಮಾನದ ಮೂರು ಜನ, ಕೊನೆಯ ಅಧ್ಯಾಯದಲ್ಲಿ ತಪ್ಪೊಪ್ಪಿಗೆ. ಓದಿಸಿಕೊಂಡು ಹೋಗುತ್ತವೆ, ಮರುದಿನ ನೆನಪಿರುವುದಿಲ್ಲ. ಶ್ರೀಮಂತ ಅಜ್ಜ ಜೊತೆಗಿರುವಾಗ ಹಾಲು ಎಲ್ಲಿಡಬೇಕೆಂಬ ಚಿಂತೆ ಯಾರಿಗೂ ಇಲ್ಲ. ಕೆಂಪು ಡಬ್ಬಿ ಅವರ ತೋಟದಲ್ಲಿ ಆಟದ ಮನೆಯಾಗಿ ನಿಂತಿರುತ್ತದೆ.

ಇನ್ನೊಂದು ವ್ಯತ್ಯಾಸವನ್ನು ಕಂಡುಹಿಡಿದವಳು ಮಗಳು. ವಾರ್ನರ್ ಬರೆದ ಪುಸ್ತಕಗಳಲ್ಲಿ ಮಕ್ಕಳು ಬೆಳೆಯುತ್ತಾ ಹೋಗುತ್ತಾರೆ, ಹೆನ್ರಿ ಕಾಲೇಜಿಗೂ ಸೇರುತ್ತಾನೆ. ಮುಂದಿನವುಗಳಲ್ಲಿ ಅವರ ವಯಸ್ಸು ಹಿಂದಕ್ಕೆ ಸರಿದು ಅಲ್ಲಿಯೇ ನಿಂತುಬಿಟ್ಟಿದೆ, ಬೆನ್ನಿಗೆ ಯಾವ ಪುಸ್ತಕದಲ್ಲಿ ನೋಡಿದರೂ ಆರೇ ವರ್ಷ. ಮಗಳಿಗೆ ಹೋದ ತಿಂಗಳು ಏಳು ತುಂಬಿತು. ಅಂದು ರಾತ್ರಿ ಓದಲು ಕುಳಿತಾಗ ಗಂಭೀರವಾಗಿ ಹೇಳಿದಳು: “ಇನ್ಮೇಲೆ ಬೆನ್ನಿ ನನ್ನ ಅಕ್ಕ ಅನ್ಬೇಕು.”