ನನ್ನ ಡ್ರಾಯರಿನ ಕೆಂಪು ರಿಜಿಸ್ಟರ್

ಕಳೆದ ಡಿಸೆಂಬರ್‌ನ ಒಂದು ಮಧ್ಯಾಹ್ನ. ಊಟದ ಹೊತ್ತು, ಲೈಬ್ರರಿಯಲ್ಲಿ ಹೆಚ್ಚು ಜನ ಇರಲಿಲ್ಲ. ಎರಡನೇ ವರ್ಷದ ಡಿಗ್ರಿ ಹುಡುಗಿಯೊಬ್ಬಳು ಫೋನ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. "ಟೀಚರ್, ಇದು ಸರಿಯುಂಟಾ ಒಮ್ಮೆ ನೋಡಿ" ಅಂದಳು. ನಾನು ಪಾಠ ಮಾಡುವವಳಲ್ಲ, ಲೈಬ್ರೇರಿಯನ್. ಆದರೂ ಕಾಸರಗೋಡಿನ ಕಾಲೇಜಿನಲ್ಲಿ ಮಕ್ಕಳು ನನ್ನನ್ನೂ ಟೀಚರ್ ಅಂತಲೇ ಕರೆಯುವುದು.

ಅವಳ ಮನೆ ಪೆರ್ಲದಿಂದ ಒಳಗೆ, ಪಡ್ರೆ ಕಡೆ. ಮನೆಗೂ ತೋಟಕ್ಕೂ ಸುರಂಗದ ನೀರು. ನಮ್ಮ ಕಡೆಯ ಸುರಂಗ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದುಕೊಂಡು ಹೋಗುತ್ತಾರೆ. ಒಬ್ಬ ಮನುಷ್ಯ ನುಗ್ಗಿ ನಡೆಯುವಷ್ಟೇ ಜಾಗ. ಒಳಗೆ ಒರತೆ ಸಿಕ್ಕಿತೆಂದರೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಆ ನೀರು ಅಂಗಳಕ್ಕೆ ಬರುತ್ತಿತ್ತು, ಈಗ ಪೈಪಿನಲ್ಲಿ. ಪಡ್ರೆ, ಬಾಯಾರು, ಮಾಣಿಲ ಸುತ್ತಮುತ್ತ ಇಂಥ ಸುರಂಗಗಳು ಬೇಕಾದಷ್ಟು. ಗಡಿಯಾಚೆ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡ ಕೊರೆದು, ಮತ್ತೆ ಮತ್ತೆ ಸೋತು, ಕಡೆಗೂ ನೀರು ಕಂಡವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹುಡುಗಿ ಎಐ ಆ್ಯಪ್‌ನಲ್ಲಿ ಸುರಂಗದ ಬಗ್ಗೆ ಕೇಳಿದ್ದಳು. ಒಂದು ಪುಟದಷ್ಟು ಉತ್ತರ ಬಂದಿತ್ತು. ಚಂದದ ವಾಕ್ಯಗಳು, ಒಂದಕ್ಷರ ತಪ್ಪಿಲ್ಲ. ಆದರೆ ಕಾಸರಗೋಡಿನ ಸುರಂಗಗಳಿಗೆ ಮೇಲಿಂದ ಸಾಲಾಗಿ ಗಾಳಿಬಾವಿ ತೋಡಿರುತ್ತಾರೆ ಅಂತ ಬರೆದಿತ್ತು. "ನಮ್ಮ ಅಜ್ಜನ ಸುರಂಗಕ್ಕೆ ಅಂಥದ್ದು ಒಂದೂ ಇಲ್ಲ ಟೀಚರ್. ಪಕ್ಕದ ಮನೆಯದ್ದಕ್ಕೂ ಇಲ್ಲ" ಅಂದಳು.

ಸಾಲು ಬಾವಿ ಇರುವುದು ಬೀದರಿನ ಕರೇಜ್ ಅನ್ನುವ ನೆಲದಡಿಯ ನೀರುಗಾಲುವೆಗೆ, ಬಹಮನಿಗಳ ಕಾಲದ್ದು. ಇರಾನಿನ ಕನಾತ್ ಕೂಡ ಹಾಗೆಯೇ. ಅವುಗಳ ಬಗ್ಗೆ ಬರೆದದ್ದು ಜಾಸ್ತಿ ಸಿಗುತ್ತದೆ, ಪಡ್ರೆಯ ಬಗ್ಗೆ ಕಡಿಮೆ. ಅಲ್ಲಿಯದ್ದನ್ನು ಎತ್ತಿ ಇಲ್ಲಿಗೆ ಇಟ್ಟಿದೆ ಅಂತ ನನಗೆ ಕಂಡಿತು. "ಒಳಗೆ ಗಾಳಿ ಉಂಟೋ ಇಲ್ಲವೋ ಅಂತ ಸುರಂಗ ತೋಡುವವರಿಗೆ ಹೇಗೆ ಗೊತ್ತಾಗುತ್ತಿತ್ತು? ಅಜ್ಜನಲ್ಲೇ ಕೇಳು" ಅಂದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದಳು. ಅಜ್ಜ ಹೇಳಿದ್ದರಂತೆ: "ಮೇಣದ ಬತ್ತಿ ಹೇಳ್ತದೆ ಮಗಾ. ಅದು ನಂದಿದರೆ ನಾವು ಹೊರಗೆ."

ಎಐ ಬಂದ ಮೇಲೆ ಕಾಲೇಜು ಯಾಕೆ, ಉನ್ನತ ಶಿಕ್ಷಣದ ನಾಳೆ ಹೇಗೆ, ಅದನ್ನು ನಡೆಸುವವರು ಎಂಥವರಿರಬೇಕು ಅಂತ ಈಗ ಎಲ್ಲಿ ನೋಡಿದರೂ ಸೆಮಿನಾರ್. ನಾನೂ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೇನೆ. ಉತ್ತರ ಎಷ್ಟು ಬೇಗ ಸಿಗುತ್ತದೆ ಅನ್ನುವುದರ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ. ಪ್ರಶ್ನೆ ಯಾರದು ಅಂತ ಯಾರೂ ಕೇಳುವುದಿಲ್ಲ. ನನಗೆ ಹೇಳಲಿಕ್ಕಿರುವುದು ಅದೊಂದೇ ವಿಷಯ.

ಆ ಹುಡುಗಿಯ ಊರನ್ನೇ ನೋಡಿ. ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲ. ಕೈಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ಬರೆದದ್ದು 1979ರಲ್ಲಿ. ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರಿಗೆ, ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಬುದ್ಧಿಮಾಂದ್ಯತೆ, ಅಪಸ್ಮಾರ, ಕ್ಯಾನ್ಸರ್ ಯಾಕೆ ಅನ್ನುವ ಪ್ರಶ್ನೆ ಎದ್ದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಗೆ ಬಂದು ಅಧ್ಯಯನ ಮಾಡಿದ್ದು 2001ರಲ್ಲಿ. ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಒಂದು ಕರುವಿನ ಕಾಲಿನಿಂದ ಸುಪ್ರೀಂ ಕೋರ್ಟಿನವರೆಗೆ 32 ವರ್ಷ. ಪ್ರಶ್ನೆ ಹುಟ್ಟಿದ್ದು ಕೊಟ್ಟಿಗೆಯಲ್ಲಿ, ಹಳ್ಳಿ ಡಾಕ್ಟರ ಮೇಜಿನಲ್ಲಿ. ದೊಡ್ಡ ದೊಡ್ಡ ಸಂಸ್ಥೆಗಳು ಆಮೇಲೆ ಬಂದವು. ಆ ಮೂವತ್ತೆರಡು ವರ್ಷ ಹತ್ತು ಆಗಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರು ಅಂತ ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಈಗ ನನ್ನ ಡ್ರಾಯರಿನ ವಿಷಯಕ್ಕೆ ಬರುತ್ತೇನೆ.

ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮಲ್ಲಿ ಒಬ್ಬರು ಪ್ರಿನ್ಸಿಪಾಲರಿದ್ದರು. ಪ್ರತಿ ಗುರುವಾರ ಮೂರು ಗಂಟೆಗೆ ಲೈಬ್ರರಿಗೆ ಬಂದು ಕಿಟಕಿ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದರು. ಫೈಲು ತರುತ್ತಿರಲಿಲ್ಲ. ಮಕ್ಕಳು ಹತ್ತಿರ ಬಂದರೆ ಮಾತಾಡಿಸುತ್ತಿದ್ದರು, ಯಾರೂ ಬಾರದಿದ್ದರೆ ಸುಮ್ನೆ ಏನಾದರೂ ಓದುತ್ತಿದ್ದರು. ಒಂದು ದಿನ ನನ್ನಿಂದ ಹೊಸ ರಿಜಿಸ್ಟರ್ ಕೇಳಿ ತೆಗೆದುಕೊಂಡರು. ಕೆಂಪು ಬೈಂಡಿನ ಇನ್ನೂರು ಪುಟದ ಪುಸ್ತಕ. ಮೊದಲ ಪುಟದಲ್ಲಿ ಅವರೇ ಬರೆದರು: "ನಿಮ್ಮ ಮನೆಯ ಹತ್ತಿರದ, ಯಾರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ."

ಮೊದಮೊದಲು ಯಾರೂ ಬರೆಯಲಿಲ್ಲ. ಆಮೇಲೆ ಶುರುವಾಯಿತು. "ನಮ್ಮ ಬಾವಿ ಬೋರ್‌ವೆಲ್ ತೋಡಿಸಿದ ಮರುವರ್ಷವೇ ಯಾಕೆ ಬತ್ತಿತು?" "ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಗೆ ಉಪ್ಪುನೀರು ಎಲ್ಲಿವರೆಗೆ ಏರುತ್ತದೆ?" "ಅಡಿಕೆಗೆ ಮದ್ದು ಬಿಡುವವರ ಕೈಚರ್ಮ ಯಾಕೆ ಹಾಗೆ ಆಗುತ್ತದೆ?" ಕೆಲವು ಕನ್ನಡದಲ್ಲಿ, ಕೆಲವು ಮಲಯಾಳದಲ್ಲಿ, ಒಂದೆರಡು ಕನ್ನಡ ಲಿಪಿಯಲ್ಲಿ ಬರೆದ ತುಳು. ಪ್ರಿನ್ಸಿಪಾಲರು ಆ ರಿಜಿಸ್ಟರನ್ನು ವಿಭಾಗಗಳ ಮೀಟಿಂಗಿಗೆ ಒಯ್ಯುತ್ತಿದ್ದರು. ಇದರಲ್ಲಿ ನಿಮ್ಮದು ಯಾವುದು ಅಂತ ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಉಪ್ಪುನೀರಿನ ಪ್ರಶ್ನೆಯನ್ನು ಕೆಮಿಸ್ಟ್ರಿಯವರು ಹಿಡಿದರು. ಎರಡು ಬೇಸಿಗೆ ಮಕ್ಕಳು ಬಾಟಲಿ ಹಿಡಿದು ಹೊಳೆಬದಿ ಅಲೆದರು. ಅಷ್ಟರಲ್ಲಿ ಪ್ರಿನ್ಸಿಪಾಲರಿಗೆ ವರ್ಗವಾಯಿತು. ಮತ್ತೆ ಬಂದವರಿಗೆ ಬೇರೆ ಕೆಲಸಗಳಿದ್ದವು. ರಿಜಿಸ್ಟರ್‌ನ 61ನೇ ಪುಟದ ಮೇಲೆ ಖಾಲಿ.

ನಾಯಕತ್ವ ಎಂಬ ಮಾತು ಕೇಳಿದಾಗೆಲ್ಲ ನನಗೆ ಕಣ್ಣಮುಂದೆ ಬರುವುದು ಆ ಕಿಟಕಿ ಪಕ್ಕದ ಮೇಜು.

ತಂತ್ರಜ್ಞಾನದ ಬಗ್ಗೆ ನನಗೆ ಸಿಟ್ಟಿಲ್ಲ. ಅದು ಬಂದು ನನ್ನ ಕೆಲಸವೇ ಬದಲಾಗಿದೆ. ಮೊದಲೆಲ್ಲ ಒಂದು ಲೇಖನ ಬೇಕಾದರೆ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಓದುತ್ತಿರುವ ಹಳೆ ವಿದ್ಯಾರ್ಥಿಗೆ ಫೋನ್ ಮಾಡಿ, ಒಂದು ಕಾಪಿ ಕಳಿಸು ಮಾರಾಯ ಅಂತ ಬೇಡಿಕೊಳ್ಳಬೇಕಿತ್ತು. 2025ರ ಜನವರಿಯಲ್ಲಿ ಸಂಶೋಧನಾ ಜರ್ನಲ್‌ಗಳಿಗೆ ಕೇಂದ್ರ ಸರಕಾರವೇ ಚಂದಾ ಕಟ್ಟುವ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಶುರುವಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ದೇಶದ 6,300ಕ್ಕೂ ಹೆಚ್ಚು ಸರಕಾರಿ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ದೊಡ್ಡ ಐಐಟಿಗೆ ಸಿಗುವ ಜರ್ನಲ್ ನಮ್ಮ ಹಳೇ ಕಂಪ್ಯೂಟರಿನಲ್ಲೂ ತೆರೆಯುತ್ತದೆ ಅಂದರೆ ಇಪ್ಪತ್ತು ವರ್ಷ ಈ ಕುರ್ಚಿಯಲ್ಲಿ ಕೂತ ನನಗೆ ಅದೆಷ್ಟು ದೊಡ್ಡ ವಿಷಯ ಅಂತ ಬೇರೆಯವರಿಗೆ ತಿಳಿಸುವುದು ಕಷ್ಟ. ಆ ಹುಡುಗಿಯ ಜೊತೆ ಕೂತು ಹುಡುಕಿದೆ. ಇಂಗ್ಲೆಂಡಿನ ವಿಶ್ವವಿದ್ಯಾಲಯದವರು ನಮ್ಮ ಗುಡ್ಡಗಳಿಗೇ ಬಂದು, ಸುರಂಗಗಳನ್ನು ನೋಡಿ ಲೇಖನ ಬರೆದದ್ದು ಗೊತ್ತಾಯಿತು. ಸಂತೋಷವಾಯಿತು. ಒಳಗೊಳಗೆ ಚುರ್ ಅಂದದ್ದೂ ಹೌದು. ಅಷ್ಟು ದೂರದಿಂದ ಬಂದು ಅವರು ಕೇಳಿದರು. ಒಂದು ಬಸ್ಸಿನ ದೂರದಲ್ಲಿರುವ ನಾವು?

ದುಡ್ಡಿನ ವಿಷಯದಲ್ಲೂ ನನಗೆ ಇದೇ ಚಿಂತೆ. ಸಂಶೋಧನೆಗೆ ಹಣ ಕೊಡಲಿಕ್ಕೆ ಅಂತ 2023ರಲ್ಲಿ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್ ಕಾಯಿದೆ ಬಂತು. ಐದು ವರ್ಷಕ್ಕೆ 50,000 ಕೋಟಿಯ ಅಂದಾಜು. ಅದರಲ್ಲಿ ಹೆಚ್ಚಿನ ಪಾಲು ಉದ್ಯಮಗಳಿಂದ, ದಾನಿಗಳಿಂದ ಬರಬೇಕು ಅನ್ನುವ ಲೆಕ್ಕ. ರಾಜ್ಯದ ವಿಶ್ವವಿದ್ಯಾಲಯಗಳಿಗೆ, ಕಾಲೇಜುಗಳಿಗೆ ತಲುಪಿಸುವ ಉದ್ದೇಶ ಒಳ್ಳೆಯದೇ. ಆದರೆ ಸುರಂಗದಿಂದ ಯಾವ ಕಂಪನಿಗೂ ಲಾಭವಿಲ್ಲ. ಬೋರ್‌ವೆಲ್ಲಿಗಾದರೂ ಪಂಪು ಮಾರುವವರಿದ್ದಾರೆ. ತಾನಾಗಿ ಹರಿಯುವ ನೀರಿಗೆ ಯಾರು ದುಡ್ಡು ಹಾಕುತ್ತಾರೆ? ಅಂಥ ಪ್ರಶ್ನೆಯ ಪರ ನಿಂತು ಮಾತಾಡುವವರು ಮೇಲಿನ ಕುರ್ಚಿಯಲ್ಲಿ ಇರಬೇಕಲ್ವಾ?

ಅಲ್ಲಿ ಕೂತವರಿಗೆ ತಾಳ್ಮೆಯೂ ಬೇಕು. ನಾನು ದಿನಾ ಕುಂಬಳೆಯಿಂದ ಬರುವ ದಾರಿಯಲ್ಲಿ, ಕೂಡ್ಲುವಿನಲ್ಲಿ, ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇದೆ. 1916ರಲ್ಲಿ ಮದ್ರಾಸ್ ಸರಕಾರ ತೆಂಗಿನ ಸಂಶೋಧನೆಗೆ ಅಂತ ಶುರು ಮಾಡಿದ ಜಾಗ. ಇಲ್ಲಿಂದ ದಕ್ಷಿಣಕ್ಕೆ ನೀಲೇಶ್ವರದ ಕೇಂದ್ರದಲ್ಲಿ 1930ರ ದಶಕದಲ್ಲಿ ಜೆ. ಎಸ್. ಪಟೇಲ್ ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಕರ ಮಾಡಿದರು. ಅಡಿಕೆಗೆ ಅಂತ ವಿಟ್ಲದಲ್ಲಿ ಕೇಂದ್ರ ತೆರೆದದ್ದು 1956ರಲ್ಲಿ, ಅಲ್ಲಿಂದ 'ಮಂಗಳ' ತಳಿ ಹೊರಬಂದದ್ದು 1972ರಲ್ಲಿ. ಹದಿನಾರು ವರ್ಷ! ನನ್ನ ಅಪ್ಪ ಆ ಗಿಡಗಳನ್ನು ತಂದು ನೆಟ್ಟಿದ್ದರು. ಅವುಗಳ ಅಡಿಕೆ ಮಾರಿದ ದುಡ್ಡಿನಲ್ಲೇ ನಾನು ಓದಿದ್ದು. ಇವತ್ತು ಎರಡು ವರ್ಷಕ್ಕೆ ಪ್ರಿನ್ಸಿಪಾಲರು ಬದಲು, ನಾಲ್ಕೈದು ವರ್ಷಕ್ಕೆ ವೈಸ್ ಚಾನ್ಸಲರ್ ಬದಲು, ವರ್ಷವರ್ಷ ರ‍್ಯಾಂಕಿಂಗ್. ಹದಿನಾರು ವರ್ಷದ ಕೆಲಸಕ್ಕೆ ಯಾರು ಸಹಿ ಹಾಕುತ್ತಾರೆ? ತಾನು ಫಲ ತಿನ್ನದ ಗಿಡಕ್ಕೆ ನೀರು ಹಾಕುವ ಮನಸ್ಸಿನವರು ಬೇಕು. ನಮ್ಮ ಊರಿನ ಕೃಷಿಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಇಲ್ಲೇ ನೆಟ್ಟಣಿಗೆಯಲ್ಲಿ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿಕೊಂಡಿದ್ದಾರೆ. 2024ರಲ್ಲಿ ಪದ್ಮಶ್ರೀ ಬಂತು. ಅಂಥವರನ್ನು ನಾವು ಕಾಲೇಜಿಗೆ ಕರೆಸಿ ಶಾಲು ಹೊದೆಸುತ್ತೇವೆ, ಫೋಟೋ ತೆಗೆಯುತ್ತೇವೆ. ರಿಸರ್ಚ್ ಕಮಿಟಿಗೆ ಮಾತ್ರ ಕರೆಯುವುದಿಲ್ಲ. ಕರೆದು ಅವರ ಮಾತಿಗೂ ಪಿಎಚ್‌ಡಿ ಮಾಡಿದವರ ಮಾತಿಗೂ ಒಂದೇ ತೂಕ ಕೊಡುವ ದಿನ ಬರಬೇಕು.

ಇನ್ನು ಭಾಷೆ. ಹುಡುಗಿ ಅಜ್ಜನ ಮಾತನ್ನು ನಲವತ್ತು ನಿಮಿಷ ರೆಕಾರ್ಡ್ ಮಾಡಿ ತಂದಳು. ಅದನ್ನು ಬರಹಕ್ಕೆ ಇಳಿಸಲು ಒಂದು ಆ್ಯಪ್‌ಗೆ ಹಾಕಿದೆವು. ಪತ್ರಿಕೆಯ ಕನ್ನಡಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅಜ್ಜನ ಕನ್ನಡಕ್ಕೆ ಬಂದಾಗ 'ಒರತೆ' ಹೋಗಿ 'ಹೊರತು' ಆಯಿತು, 'ದಂಬೆ' ಹೋಗಿ 'ದೊಂಬಿ' ಆಯಿತು. ನಾವಿಬ್ಬರೂ ಎರಡು ಮಧ್ಯಾಹ್ನ ಕೂತು ಒಂದೊಂದೇ ಪದ ತಿದ್ದಿದೆವು. ಅವಳಿಗೂ ಗೊತ್ತಿಲ್ಲದ ಪದಗಳು ಬಂದಾಗ ಅಲ್ಲಿಂದಲೇ ಅಜ್ಜನಿಗೆ ಫೋನ್. ಅಜ್ಜ ಒಂದು ಪದಕ್ಕೆ ಮೂರು ಕತೆ ಹೇಳುತ್ತಿದ್ದರು. ಯಂತ್ರಕ್ಕೆ ಈ ಪದಗಳನ್ನು ಯಾರಾದರೂ ಕಲಿಸಬೇಕು. ಕೇಂದ್ರ ಸರಕಾರದ 'ಭಾಷಿಣಿ' ಯೋಜನೆ 2022ರಿಂದ ಉಂಟು, ಜನರೇ ತಮ್ಮ ದನಿ ಕೊಡಲಿಕ್ಕೆ ಅದರಲ್ಲಿ 'ಭಾಷಾದಾನ' ಅಂತ ವ್ಯವಸ್ಥೆಯಿದೆ. ಸಪ್ತಭಾಷೆಗಳ ಊರು ಅಂತ ವೇದಿಕೆಯಲ್ಲಿ ಹೇಳಿಕೊಳ್ಳುವ ನಮ್ಮ ಜಿಲ್ಲೆಯ ಕಾಲೇಜುಗಳು ಈ ಕೆಲಸಕ್ಕೆ ಎಲ್ಲರಿಗಿಂತ ಮುಂದೆ ನಿಲ್ಲಬೇಕಿತ್ತು. ಒಬ್ಬೊಬ್ಬ ವಿದ್ಯಾರ್ಥಿ ತನ್ನ ಮನೆಯ ಹಿರಿಯರದ್ದು ಅರ್ಧ ಗಂಟೆ ದನಿ ತಂದರೆ ಸಾಕು.

ಇದನ್ನು ಒಂದು ಮೀಟಿಂಗಿನಲ್ಲಿ ಹೇಳಿದೆ. ಎಐ ಬಗ್ಗೆ ನಿಯಮ ಮಾಡುವ ಮೀಟಿಂಗ್ ಅದು. ಮಾತೆಲ್ಲ ಕಾಪಿ ಹಿಡಿಯುವುದು ಹೇಗೆ ಅನ್ನುವುದರ ಮೇಲೆಯೇ ಸುತ್ತುತ್ತಿತ್ತು. ಯುಜಿಸಿಯ 2018ರ ನಿಯಮದಂತೆ ಶೇಕಡಾ 10ರವರೆಗೆ ಹೋಲಿಕೆ ಇದ್ದರೆ ತೊಂದರೆಯಿಲ್ಲ, ಅದು ಎಲ್ಲರಿಗೂ ಬಾಯಿಪಾಠ. ನನ್ನ ಮಾತನ್ನು ಬರೆದುಕೊಂಡರು. ಮಿನಿಟ್ಸ್‌ನಲ್ಲಿ ಬಂದಿಲ್ಲ. ಮುಂದಿನ ಮೀಟಿಂಗಿನಲ್ಲಿ ಮತ್ತೆ ಹೇಳುತ್ತೇನೆ.

ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದದ್ದು 2024ರ ಜುಲೈಯಲ್ಲಿ. ಅಂದರೆ ಮೊದಲ ತಂಡ ನಾಲ್ಕನೇ ವರ್ಷಕ್ಕೆ ಕಾಲಿಡುವುದು 2027ರಲ್ಲಿ. ಈ ಹುಡುಗಿ ಅದೇ ತಂಡದವಳು. ಮೊದಲ ಆರು ಸೆಮಿಸ್ಟರ್‌ನಲ್ಲಿ 75 ಶೇಕಡಾ ಅಂಕ ತೆಗೆದವರಿಗೆ ರಿಸರ್ಚ್ ಮಾಡುವ ಅವಕಾಶ. ಹಳ್ಳಿಯ ಮಕ್ಕಳು ಇಪ್ಪತ್ತೊಂದನೇ ವಯಸ್ಸಿಗೆ ಒಂದು ವರ್ಷ ಸಂಶೋಧನೆ ಮಾಡಬಹುದು ಅನ್ನುವುದು ನಮ್ಮ ಕಾಲದಲ್ಲಿ ಕನಸಿನಲ್ಲೂ ಇರಲಿಲ್ಲ. ಅವರಿಗೆ ಇಂಟರ್‌ನೆಟ್‌ನಿಂದ ಎತ್ತಿದ ಟಾಪಿಕ್ ಕೊಟ್ಟು ಕೈತೊಳೆದುಕೊಳ್ಳಬಾರದು. ಅದಕ್ಕೆ ಇನ್ನೂ ಸಮಯ ಉಂಟು.

ಮೊನ್ನೆ ಡ್ರಾಯರಿನಿಂದ ಆ ಕೆಂಪು ರಿಜಿಸ್ಟರ್ ತೆಗೆದು ಅವಳ ಕೈಗೆ ಕೊಟ್ಟೆ. ನಿಂತಲ್ಲೇ ಎಲ್ಲ ಓದಿದಳು. 62ನೇ ಪುಟದಲ್ಲಿ ದಿನಾಂಕ ಹಾಕಿ ಬರೆದಳು: "ಮಳೆ ನಿಂತು ಎಷ್ಟು ದಿನದವರೆಗೆ ನಮ್ಮ ಸುರಂಗದ ನೀರು ಕಡಿಮೆಯಾಗುವುದಿಲ್ಲ? ಯಾಕೆ?"

ಈ ಶನಿವಾರ ನಾವು ಪಡ್ರೆಗೆ ಹೋಗುತ್ತಿದ್ದೇವೆ. ಅಳತೆಗೆ ಒಂದು ಬಕೆಟ್, ಒಂದು ಸ್ಟಾಪ್‌ವಾಚ್, ಫಿಸಿಕ್ಸ್ ಲ್ಯಾಬಿನಿಂದ ಕೇಳಿ ತಂದ ಥರ್ಮಾಮೀಟರ್. ಬರುವಾಗ ಎರಡು ಮೇಣದ ಬತ್ತಿ ತನ್ನಿ ಅಂತ ಅಜ್ಜ ಹೇಳಿ ಕಳಿಸಿದ್ದಾರೆ.